ಪುಕ್ಕಟೆ ಕೆಲಸಕ್ಕೆ ಹೋದವರ ದಿನಚರಿ

ಸೋಮವಾರ

ಹುಡುಗಿಯರಿಗೆಲ್ಲ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ಹುಡುಗರಿಗೆ ಕಾಸು ಕೊಟ್ಟ ಟಿಕೆಟ್. ದಾವಣಗೆರೆ ಬಸ್ ನಿಲ್ದಾಣದಲ್ಲಿ ಶುರುವಾದ ಈ ತಕರಾರು ಆನಗೋಡು ದಾಟಿದರೂ ಮುಗಿದಿರಲಿಲ್ಲ. ಅಕ್ಕಿ, ಬೇಳೆ, ಬಾಡಿಗೆ ಪಾತ್ರೆ, ಗುದ್ದಲಿ, ಬಾಂಡ್ಲಿ ಎಲ್ಲ ಬೆಳಗ್ಗೆಯೇ ಲಗೇಜ್ ಆಟೊದಲ್ಲಿ ಮುಂದೆ ಹೋಗಿದ್ದವು, ಅದರ ಮೇಲೆ ಮಂಡಕ್ಕಿ ಮೂಟೆಗಳು. ಮಂಡಕ್ಕಿ ಇಲ್ಲದೆ ದಾವಣಗೆರೆಯ ಮಕ್ಕಳು ಒಂದು ವಾರ ತಳ್ಳುವುದಿಲ್ಲ ಅನ್ನೋದು ನಮ್ಮ ಎನ್‌ಎಸ್‌ಎಸ್ ಸರ್‌ಗೆ ಅನುಭವದಿಂದ ಗೊತ್ತು.

ರಾಷ್ಟ್ರೀಯ ಸೇವಾ ಯೋಜನೆಗೆ, ಅಂದರೆ ಎನ್‌ಎಸ್‌ಎಸ್‌ಗೆ, ಸೇರಿದವರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರಕ್ಕೆ ಹೋಗಬೇಕು. ಸೆಮಿಸ್ಟರ್ ಪರೀಕ್ಷೆ ಮುಗಿದು ಮುಂದಿನ ತರಗತಿ ಶುರುವಾಗುವ ನಡುವಿನ ರಜೆಯಲ್ಲಿ ಅದನ್ನು ಹಾಕುವುದು ನಮ್ಮ ಕಾಲೇಜಿನ ವಾಡಿಕೆ. ಸಾಮಾನ್ಯವಾಗಿ ಕಾಲೇಜಿನ ಆಸುಪಾಸಿನ ಹಳ್ಳಿಯನ್ನೇ ಹಿಡಿಯುತ್ತಾರೆ. 2025ರ ಫೆಬ್ರವರಿಯಲ್ಲಿ ಮಾತ್ರ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೋಬಳಿಗೆ ಹೋದೆವು. ಸರ್ ಇದಕ್ಕೆ ಹಿಂದುಳಿದ ಪ್ರದೇಶ, ಬರಪೀಡಿತ ತಾಲ್ಲೂಕು ಅಂತ ಕಾರಣ ಕೊಟ್ಟರು. ಅವರ ಮಾವನ ಮನೆ ಆ ಕಡೆ ಇರೋದು ನಮಗೆ ಬಸ್ಸಿನಲ್ಲಿ ತಿಳಿಯಿತು. ಊರ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿ ನಡೆದದ್ದರಿಂದ ಯಾರಿಗೂ ಮುಜುಗರ ಆಗುವುದು ಬೇಡ.

ಭರಮಸಾಗರ ಬಂದಾಗ ಸರ್ ಎದ್ದು ನಿಂತು, ಈ ಊರಿನ ಕೆರೆಯನ್ನು ಕಟ್ಟಿಸಿದ್ದು ಚಿತ್ರದುರ್ಗದ ಪಾಳೇಗಾರ ಬಿಚ್ಚುಗತ್ತಿ ಭರಮಣ್ಣ ನಾಯಕ, ಈಗ ಅದಕ್ಕೆ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ತುಂಬಿಸುತ್ತಾರೆ ಎಂದರು. ಕೇಳಿಸಿಕೊಂಡವರು ಮುಂದಿನ ಎರಡು ಸೀಟಿನವರು. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಂಡ ಕೂಡಲೇ ಉಳಿದವರಿಗೆಲ್ಲ ಎಚ್ಚರವಾಯಿತು. ಕೋಟೆ ನೋಡೋಣ ಸರ್ ಎಂದರೆ ವಾಪಸ್ ಬರುವಾಗ ಎಂದರು. ಶಿಬಿರಕ್ಕೆ ಹೋದವರು ಯಾರಾದರೂ ವಾಪಸ್ ಬರುವಾಗ ಏನನ್ನಾದರೂ ನೋಡಿದ್ದುಂಟೇ!

ದುರ್ಗ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಕಲ್ಲು, ಕೆಂಪು ಮಣ್ಣು, ಶೇಂಗಾ ಕಿತ್ತು ಖಾಲಿಯಾದ ಹೊಲ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಅಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಊರು ತಲುಪುವಾಗ ಮಧ್ಯಾಹ್ನವಾಗಿತ್ತು. ಸರ್ಕಾರಿ ಶಾಲೆಯ ಕೊಠಡಿಗಳಲ್ಲಿ ಹುಡುಗರು, ಪಕ್ಕದ ಸಮುದಾಯ ಭವನದಲ್ಲಿ ನಾವು. ಭವನದ ಬಚ್ಚಲಿಗೆ ಚಿಲಕ ಇರಲಿಲ್ಲ. ಮೊದಲ ಶ್ರಮದಾನ ಅದೇ ಆಯಿತು, ಒಂದು ಮೊಳೆ, ಒಂದು ದಾರ.

ಉದ್ಘಾಟನೆಯಲ್ಲಿ ಭಾಷಣಗಳು ಉದ್ದವಿದ್ದವು. ಒಬ್ಬ ಅತಿಥಿಗಳು ಹೇಳಿದ್ದೊಂದು ಮಾತ್ರ ನೆನಪಿದೆ. ಗಾಂಧೀಜಿಯ ಜನ್ಮಶತಾಬ್ದಿ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಶುರು ಮಾಡಿದ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಆಗ ನಮ್ಮ ಪಕ್ಕದ ಬಳ್ಳಾರಿಯ ಸಂಸದರಾಗಿದ್ದರಂತೆ. ಆಮೇಲೆ ಗಣ್ಯರೆಲ್ಲ ಸೇರಿ ಶಾಲೆಯ ಕಾಂಪೌಂಡಿನ ಪಕ್ಕ ಹೊಂಗೆ ಸಸಿ ನೆಟ್ಟರು. ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಎಲೆ ಅಡಿಕೆ ಅಗಿಯುತ್ತ ಹೇಳಿದಳು.

"ಆ ಗುಂಡಿ ಹಿಂದೆ ಬಂದಿದ್ದ ಕಾಲೇಜಿನೋರು ತೋಡಿದ್ದು. ಸಸಿ ಮೇಕೆ ತಿಂತು. ಗುಂಡಿ ಮಾತ್ರ ಚೆನ್ನಾಗೈತೆ."

ಮಂಗಳವಾರ

ಬೆಳಗ್ಗೆ ಆರಕ್ಕೆ ಪ್ರಭಾತ ಫೇರಿ. ಊರನ್ನು ಎಬ್ಬಿಸೋದು ಅದರ ಉದ್ದೇಶ. ನಾವು ಹಾಡುತ್ತ ಹೊರಟಾಗ ಊರು ಎದ್ದು, ಕಸ ಹೊಡೆದು, ಹಾಲು ಕರೆದು ಡೇರಿಗೆ ಹಾಕಿ ವಾಪಸ್ ಬರುತ್ತಿತ್ತು. ನಿದ್ದೆಗಣ್ಣಲ್ಲಿ ಇದ್ದವರು ನಾವೇ. ತಿಂಡಿಗೆ ಉಪ್ಪಿಟ್ಟು.

ಶಿಬಿರದ ಮುಖ್ಯ ಕೆಲಸ ಕೆರೆಗೆ ನೀರು ತರುವ ಕಾಲುವೆಯ ಹೂಳೆತ್ತುವುದು ಎಂದು ಕಾಲೇಜಿನಲ್ಲೇ ತೀರ್ಮಾನವಾಗಿತ್ತು. ಆ ಕೆಲಸಕ್ಕೆ ಅರ್ಥವೂ ಇತ್ತು. ಹಿಂದಿನ ಮಳೆಗಾಲ ಚೆನ್ನಾಗಿ ಆಗಿತ್ತು. 1933ರಲ್ಲಿ ಕೋಡಿ ಬಿದ್ದು, ಆಮೇಲೆ 89 ವರ್ಷ ಸುಮ್ಮನಿದ್ದು 2022ರಲ್ಲಿ ಮತ್ತೆ ಕೋಡಿ ಬಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ, ನಾವು ಹೋಗುವ ಹಿಂದಿನ ತಿಂಗಳಷ್ಟೇ ಮೂರನೇ ಸಲ ತುಂಬಿ ಹರಿದಿತ್ತು. ಜಿಲ್ಲೆಯವರೆಲ್ಲ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಬಂದಿದ್ದರು. ಅಂಥ ವರ್ಷವೂ ಈ ಊರಿನ ಕೆರೆಯ ತಳದಲ್ಲಿ ಎಮ್ಮೆ ಮುಳುಗುವಷ್ಟೇ ನೀರು. ಹಳ್ಳದಿಂದ ಕೆರೆಗೆ ಬರುವ ಕಾಲುವೆಯಲ್ಲಿ ಜಾಲಿ ಬೆಳೆದು, ಮಣ್ಣು ಕೂತು, ಬಂದ ನೀರೆಲ್ಲ ಪಕ್ಕದ ಹೊಲಗಳಿಗೆ ನುಗ್ಗಿ ಹೋಗಿತ್ತು.

ಗುದ್ದಲಿ ಹಿಡಿದು ಸಾಲಾಗಿ ನಿಂತೆವು, ಫೋಟೊ ಆಯಿತು. ಅರ್ಧ ಗಂಟೆ ಅಗೆದಿರಬಹುದು. ಕುರಿ ಹಟ್ಟಿಯ ಕಡೆಯಿಂದ ಒಬ್ಬ ಹೆಂಗಸು ಬಿರುಸಾಗಿ ಬಂದು ಕಾಲುವೆಯ ದಂಡೆ ಮೇಲೆ ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಹಿಂದೆಯೇ ಇನ್ನೂ ನಾಲ್ಕೈದು ಜನ.

"ಯಾರು ಹೇಳಿದ್ದು ನಿಮಗೆ ಇಲ್ಲಿ ಹೂಳು ತೆಗೀರಿ ಅಂತ?"

"ಪಂಚಾಯ್ತಿಯೋರನ್ನ ಕೇಳೇ ಬಂದಿದೀವಮ್ಮ. ಊರಿಗೆ ಒಳ್ಳೇದಾಗ್ಲಿ ಅಂತ ಶ್ರಮದಾನ ಮಾಡ್ತಿದಾರೆ ಮಕ್ಕಳು" ಅಂದರು ಸರ್.

"ಮಾಡ್ಲಿ ಸಾರ್, ಮಕ್ಕಳು ಚಿನ್ನದಂಥೋರು. ಆದ್ರೆ ಬೇಸಿಗೆ ಬಂತಂದ್ರೆ ಇದೇ ಕಾಲುವೆ, ಇದೇ ಕೆರೆ ನಮಗೆ ಖಾತ್ರಿ ಕೆಲಸ. ದಿನಕ್ಕೆ ಮುನ್ನೂರ ನಲವತ್ತೊಂಬತ್ತು ರೂಪಾಯಿ. ನೀವು ಒಂದಿಷ್ಟು ಪುಕ್ಸಟ್ಟೆ ಕೆದರಿ ಫೋಟೊ ಹೊಡ್ಕಂಡು ಹೋಗ್ತೀರಿ. ಆಮೇಲೆ ಹೋಗಿ ಕೇಳಿದ್ರೆ ಅಲ್ಲಿ ಕೆಲಸ ಆಗೈತಲ್ಲವ್ವ ಅಂತಾರೆ. ನಾವೇನು ಬೆಂಗ್ಳೂರಿಗೆ ಗಾರೆ ಕೆಲಸಕ್ಕೆ ಹೋಗ್ಬೇಕಾ?"

ಸರ್‌ಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮ ತಂಡದ ಹುಡುಗನೊಬ್ಬ, ಸ್ವಲ್ಪ ಭಾಷಣದ ಚಟದವನು, ಸೇವೆ ಅಂದರೆ ದುಡ್ಡಿನ ಲೆಕ್ಕ ಅಲ್ಲ ಅಕ್ಕಾ ಎಂದು ಶುರು ಮಾಡಿದ. ಆಕೆ ಅವನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. ಆಗಲೇ ಬೊಬ್ಬೆ ಎದ್ದಿತ್ತು.

"ಸೇವೆ ಸಾಕು ಕಣಪ್ಪ, ಎಣ್ಣೆ ಹಚ್ಕಾ ಹೋಗು" ಅಂದರು. ಅವರ ಜೊತೆಯವರು ನಕ್ಕರು, ನಾವೂ ನಕ್ಕೆವು. ಗುದ್ದಲಿಗಳನ್ನು ಹೊತ್ತುಕೊಂಡು ವಾಪಸ್ ಬಂದೆವು.

ಆವತ್ತಿನಿಂದ ಅವರಿಗೆ ನಮ್ಮ ನಡುವೆ ಖಾತ್ರಿ ಅಕ್ಕ ಎಂದೇ ಹೆಸರು.

ರಾತ್ರಿ ಊಟದ ಹೊತ್ತಿಗೆ ಇದೇ ವಾದ. ಬಂದ ಕೆಲಸ ಬಿಟ್ಟು ಹೋದರೆ ವರದಿಯಲ್ಲಿ ಏನು ಬರೆಯೋದು ಅನ್ನೋದು ಸರ್ ಚಿಂತೆ. ಆಕೆ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಹುಡುಗಿಯರು ಪಟ್ಟು ಹಿಡಿದೆವು. ನನ್ನ ತಾಯಿ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗೆ ಹೋಗುವವರು. ಅಲ್ಲಿಗೆ ಯಾರಾದರೂ ಕಾಲೇಜಿನವರು ಬಂದು ಒಂದು ವಾರ ಬಿಟ್ಟಿ ಭತ್ತ ಹುರಿದು ಕೊಡುತ್ತೇವೆ ಅಂದರೆ ಮಾಲೀಕರಿಗೆ ಹಬ್ಬ, ಅಮ್ಮನಿಗೆ ಉಪವಾಸ.

ಬುಧವಾರ

ಬೆಳಗ್ಗೆ ಅರಳಿಕಟ್ಟೆಯ ಮೇಲೆ ಸಭೆ. ಸರ್ ದೊಡ್ಡ ಮನಸ್ಸು ಮಾಡಿ, ನಾವು ಏನು ಮಾಡಿದರೆ ನಿಮಗೆ ಉಪಯೋಗ ಎಂದು ನೇರವಾಗಿ ಕೇಳಿದರು. ಹತ್ತು ಜನ ಹತ್ತು ಹೇಳಿದರು. ದೇವಸ್ಥಾನಕ್ಕೆ ಸುಣ್ಣ ಹೊಡೀರಿ, ಬಸ್ ಬಿಡಿಸಿರಿ, ಶೌಚಾಲಯದ ಬಿಲ್ ಬಂದಿಲ್ಲ ಅದನ್ನ ಕೇಳ್ರಿ. ಕೊನೆಗೆ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕರೊಬ್ಬರು ಬಾಯಿ ಬಿಟ್ಟರು. ಅವರ ಅಪ್ಪ, ತಾತ ಎಲ್ಲ ಈ ಕೆರೆಯ ನೀರಗಂಟಿಗಳು. ತೂಬು ತೆಗೆಯೋದು, ಹಾಕೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನಿಸೋದು ಅವರ ಮನೆತನದ ಕೆಲಸ. ಕೆರೆ ತುಂಬಿದ ವರ್ಷ ಕಣದಲ್ಲಿ ಅವರಿಗೆ ಕಾಳು ಅಳೆದು ಕೊಡುತ್ತಿದ್ದರಂತೆ. ಕೊಳವೆಬಾವಿ ಬಂದ ಮೇಲೆ ಕೆರೆಯ ಕಡೆ ನೋಡುವವರೂ ಇಲ್ಲ, ಅಳೆಯುವವರೂ ಇಲ್ಲ.

"ಕಾಲುವೆ ಎಲ್ಲಿಂದ ಎಲ್ಲಿಗೆ ಐತೆ ಅಂತ ಈಗಿನೋರಿಗೆ ಗೊತ್ತಿಲ್ಲ. ನಾನು ಸತ್ರೆ ಅದೂ ಹೋಯ್ತು. ಬರ್ಕಣ್ರಿ" ಅಂದರು.

ಹೊರಟೆವು. ತಾತ ಮುಂದೆ, ಕೈಯಲ್ಲಿ ಕೋಲು. ಹಿಂದೆ ನಾವು, ಬಾವಿ ಹಗ್ಗಕ್ಕೆ ಹತ್ತು ಮೀಟರಿಗೊಂದು ಗಂಟು ಹಾಕಿಕೊಂಡು ಅಳೆಯುತ್ತ. ಖಾತ್ರಿ ಅಕ್ಕನೂ ಬಂದರು. ನಮ್ಮ ಮೇಲೆ ಕಣ್ಣಿಡಲು ಬಂದಿದ್ದರೋ ಏನೋ. ಜಿಯಾಗ್ರಫಿ ಓದುವ ಹುಡುಗಿ ಮೊಬೈಲಿನ ನಕ್ಷೆಯಲ್ಲಿ ಒಂದೊಂದು ಜಾಗಕ್ಕೂ ಗುರುತು ಹಾಕಿಕೊಂಡಳು, ನಾನು ನೋಟ್‌ಬುಕ್ಕಿನಲ್ಲಿ ಬರೆದೆ. ಹಳ್ಳದ ದಡದಲ್ಲಿ ನೀರು ತಿರುಗಿಸಲು ಹಾಕಿದ್ದ ಕಲ್ಲಿನ ಅಡ್ಡಗೋಡೆ, ಅರ್ಧ ಕುಸಿದಿದೆ. ಅಲ್ಲಿಂದ ಮುಂದೆ ಜಾಲಿಯ ಗೋಡೆ. ಅದರಾಚೆ ಒಬ್ಬರು ಕಾಲುವೆಗೆ ಮಣ್ಣು ತುಂಬಿ ಟ್ರ್ಯಾಕ್ಟರ್ ದಾರಿ ಮಾಡಿಕೊಂಡಿದ್ದಾರೆ, ಪೈಪ್ ಹಾಕಿಲ್ಲ. ಇನ್ನೂ ಮುಂದೆ ಒಂದು ಹೊಲದಲ್ಲಿ ಕಾಲುವೆಯೇ ಇಲ್ಲ, ಉತ್ತು ಸಮ ಮಾಡಿದ್ದಾರೆ. ತಾತ ಅಲ್ಲಿ ನಿಂತರು. ಹೊಲದ ನಡುವೆ ಕೋಲಿನಿಂದ ಗೆರೆ ಎಳೆಯುತ್ತ ನಡೆದು, ಆಚೆ ಬದುವಿನಲ್ಲಿ ಮುಳ್ಳು ಸರಿಸಿ ತೋರಿಸಿದರು. ಎರಡು ಬದಿಗೆ ಕಲ್ಲು ಕಟ್ಟಿದ ಹಳೆಯ ಕಾಲುವೆ ಮತ್ತೆ ಅಲ್ಲಿಂದಲೇ ಶುರುವಾಗಿತ್ತು.

ಹೊಲ ಯಾರದು ಎಂದು ಕೇಳಿದೆ. ತಾತ, ಅಕ್ಕ ಇಬ್ಬರೂ ಬೇರೆ ಕಡೆ ನೋಡಿದರು. ನಾನು ಬರೆದುಕೊಳ್ಳಲಿಲ್ಲ. ಅಳತೆ ಮಾತ್ರ ಬರೆದೆ.

ಬಳ್ಳಾರಿ ಜಾಲಿಯ ಬಗ್ಗೆ ಒಂದು ಮಾತು. ಕಡಿದರೆ ಅದು ಸಾಯುವುದಿಲ್ಲ, ಒಂದಕ್ಕೆ ಹತ್ತು ಚಿಗುರುತ್ತದೆ. ಬೇರು ಸಮೇತ ಕೀಳಬೇಕು. ಮುಳ್ಳು ಚುಚ್ಚಿದರೆ ನಂಜಾಗುತ್ತದೆ. ಇದನ್ನು ಶನಿ ಅಂತ ಬೈಯುವ ಊರಿನಲ್ಲೇ ಒಲೆ ಉರಿಯೋದೂ ಅದರ ಸೌದೆಯಿಂದ. ನಾವು ದಾರಿ ಮಾಡಿಕೊಳ್ಳಲು ಕಡಿದ ಕೊಂಬೆಗಳನ್ನೆಲ್ಲ ಅಕ್ಕ ಒಂದೂ ಬಿಡದೆ ಹೊರೆ ಕಟ್ಟಿದರು, ಮಾತಾಡುತ್ತಲೇ.

ಆ ಮಾತಿನಲ್ಲಿ ಹೊರಬಿದ್ದ ಸಂಗತಿ ಇದು. ಊರಲ್ಲಿ ಬಹಳ ಜನರ ಹತ್ತಿರ ಉದ್ಯೋಗ ಚೀಟಿ ಇದೆ. ಪ್ರತಿ ಬೇಸಿಗೆಯಲ್ಲಿ ಹೋಗಿ ಕೆಲಸ ಕೊಡ್ರಿ ಅಂತ ಬಾಯಲ್ಲಿ ಕೇಳುತ್ತಾರೆ. ಕೊಡೋಣ ಅನ್ನುತ್ತಾರೆ. ಕೆಲವು ವರ್ಷ ಸಿಗುತ್ತದೆ, ಕೆಲವು ವರ್ಷ ಇಲ್ಲ. ಬರೆದು ಯಾರೂ ಕೊಟ್ಟಿಲ್ಲ.

ಗುರುವಾರ

ರೂರಲ್ ಡೆವಲಪ್‌ಮೆಂಟ್ ಪೇಪರಿನಲ್ಲಿ ಹತ್ತು ಅಂಕದ ಪ್ರಶ್ನೆಗೆ ಉರು ಹೊಡೆದಿದ್ದೆವು: ಆಗ ಜಾರಿಯಲ್ಲಿದ್ದ 2005ರ ಉದ್ಯೋಗ ಖಾತ್ರಿ ಕಾಯ್ದೆ, ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ, ಗಂಡು ಹೆಣ್ಣಿಗೆ ಸಮಾನ ಕೂಲಿ, ಕೆಲಸ ಬೇಕೆಂದು ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ ನಿರುದ್ಯೋಗ ಭತ್ಯೆ. ಅಂಕ ಬಂದಿತ್ತು, ವಿಷಯ ಅಲ್ಲಿಗೆ ಮುಗಿದಿತ್ತು. ಆ 15 ದಿನ ಎಣಿಕೆ ಶುರುವಾಗಬೇಕಾದರೆ ತಾರೀಕು ಹಾಕಿದ ರಶೀದಿ ಕೈಯಲ್ಲಿರಬೇಕಿತ್ತು, ರಶೀದಿ ಬೇಕಾದರೆ ನಮೂನೆ 6ರಲ್ಲಿ ಅರ್ಜಿ ಹಾಕಬೇಕಿತ್ತು. ಬಾಯಿಮಾತಿಗೆ ತಾರೀಕು ಎಲ್ಲಿಯದು?

ನಾಯಕನಹಟ್ಟಿಗೆ ಹುಡುಗರನ್ನು ಕಳಿಸಿ ನಮೂನೆ 6ರ ಜೆರಾಕ್ಸ್ ಕಟ್ಟು ತರಿಸಿದೆವು. ಅರಳಿಕಟ್ಟೆಯ ಮೇಲೆ ಶಾಲೆಯ ಡೆಸ್ಕ್ ಹಾಕಿ ಕೂತೆವು. ಮೊದಲು ಬಂದವರು ಖಾತ್ರಿ ಅಕ್ಕ. ಪ್ಲಾಸ್ಟಿಕ್ ಕವರಿನೊಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಉದ್ಯೋಗ ಚೀಟಿ, ಆಧಾರ್, ಪಾಸ್‌ಬುಕ್. ಚೀಟಿಯಲ್ಲಿ ಅವರ ಹೆಸರಿನ ಕೊನೆಗೆ ಅಮ್ಮ, ಆಧಾರಿನಲ್ಲಿ ಅವ್ವ. ಎರಡೂ ನಾನೇ ಕಣವ್ವ ಅಂದರು. ಕಂಪ್ಯೂಟರಿಗೆ ಹಾಗೆ ಹೇಳಲಾಗುವುದಿಲ್ಲವಲ್ಲ.

ಹತ್ತು ಗಂಟೆಗೆ ಮೂರು ಜನ ಇದ್ದವರು ಹನ್ನೆರಡಕ್ಕೆ ಸಾಲು. ಖಾತ್ರಿಗೆ ಸಂಬಂಧವೇ ಇಲ್ಲದವರೂ ಬಂದರು. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿದೆ ನೋಡವ್ವ, ಗೃಹಲಕ್ಷ್ಮಿ ದುಡ್ಡು ಯಾವ ಖಾತೆಗೆ ಹೋಗ್ತೈತೆ ಹೇಳಪ್ಪ, ಮಗ ಫೋನ್ ನಂಬರ್ ಬದಲಾಯಿಸಿದಾನೆ ಓಟಿಪಿ ಅವನಿಗೇ ಹೋಗ್ತದೆ, ಅವನು ಬೆಂಗ್ಳೂರಲ್ಲಿ ಫೋನ್ ಎತ್ತಲ್ಲ. ಕೆಲವು ಕೆಲಸ ಮೊಬೈಲಿನಲ್ಲೇ ಆದವು, ಬಹಳಷ್ಟು ಆಗಲಿಲ್ಲ. ಆಗದವರಿಗೆ ಯಾವ ಕಚೇರಿ, ಯಾವ ದಾಖಲೆ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆವು. ನಮ್ಮಲ್ಲಿ ಅತ್ಯಂತ ಸೋಮಾರಿ ಎಂದು ಹೆಸರಾಗಿದ್ದವನು, ಬೆಳಗಿನ ಯೋಗಕ್ಕೆ ಒಂದು ದಿನವೂ ಏಳದವನು, ಆವತ್ತು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಎಂಟನೇ ಕ್ಲಾಸಿನಿಂದ ಅವರಪ್ಪನ ಸೈಬರ್ ಅಂಗಡಿಯಲ್ಲಿ ಕೂತವನು ಅವನು.

ಮಧ್ಯಾಹ್ನ ಆರೋಗ್ಯ ತಪಾಸಣೆ, ಬಿ.ಪಿ., ಶುಗರ್. ಬಂದ ಡಾಕ್ಟರು ಮಕ್ಕಳ ಹಲ್ಲು ತೋರಿಸಿದರು. ಕಂದು ಗೆರೆ, ಅಲ್ಲಲ್ಲಿ ತೂತು. ಕೊಳವೆಬಾವಿ ಆಳಕ್ಕೆ ಹೋದಷ್ಟೂ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬರುವುದಿಲ್ಲ, ಕ್ರಮೇಣ ಮೂಳೆ, ಕೀಲುಗಳಿಗೂ ಬರುತ್ತದೆ ಅಂದರು. ಶುದ್ಧ ನೀರಿನ ಘಟಕ ಇದೆ, ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನು. ಕೆಟ್ಟಾಗ ರಿಪೇರಿಯವರು ಬರುವವರೆಗೆ ಮತ್ತೆ ಅದೇ ಕೊಳವೆಬಾವಿ. ಕೆರೆ ತುಂಬಿದರೆ ಅಂತರ್ಜಲ ಮೇಲೆ ಬರುತ್ತದೆ, ಮೇಲಿನ ನೀರಲ್ಲಿ ಇಷ್ಟು ಫ್ಲೋರೈಡ್ ಇರೋದಿಲ್ಲ. ಅಲ್ಲಿಗೆ ಎಲ್ಲ ಮತ್ತೆ ಆ ಕಾಲುವೆಗೇ ಬಂದು ನಿಂತಿತು.

ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ನಮ್ಮವರು ಸಿನಿಮಾ ಹಾಡಿಗೆ ಕುಣಿದರು, ಊರಿನ ಹುಡುಗರು ಶಿಳ್ಳೆ ಹೊಡೆದರು. ಆಮೇಲೆ ಮೂರು ಜನ ಅಜ್ಜಿಯರು ಸೋಬಾನೆ ಎತ್ತಿಕೊಂಡರು. ಒಬ್ಬರು ಎತ್ತಿದ್ದನ್ನು ಇನ್ನಿಬ್ಬರು ಹಿಡಿದು ಮುಂದಕ್ಕೆ ಒಯ್ಯುತ್ತ, ಮೈಕನ್ನು ದೂರ ತಳ್ಳಿ. ಓದು ಬರಹ ಬಾರದೆ ಸಾವಿರಾರು ಪದ ಹಾಡಿದ ಸಿರಿಯಜ್ಜಿ ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವರು. ಈ ಅಜ್ಜಿಯರು ನಿಲ್ಲಿಸುವ ಲಕ್ಷಣ ಕಾಣದೆ ಹನ್ನೊಂದಕ್ಕೆ ಸರ್ ಕೈ ಮುಗಿದು ಕೇಳಿಕೊಳ್ಳಬೇಕಾಯಿತು.

ಶುಕ್ರವಾರ

ಅರ್ಜಿ ಕೊಡಲು ಹೆಂಗಸರೆಲ್ಲ ಒಟ್ಟಿಗೆ ಪಂಚಾಯ್ತಿಗೆ ಹೊರಟರು. ನಾವು ಹಿಂದೆ ಇದ್ದೆವು, ಬಾಯಿ ತೆಗೆಯಬಾರದು ಎಂದು ಸರ್ ಕಟ್ಟಪ್ಪಣೆ. ಪಿಡಿಒ ಒಳ್ಳೆಯವರೇ. ಇಷ್ಟೊಂದು ಅರ್ಜಿ ಒಟ್ಟಿಗೆ ಯಾಕೆ, ಇಟ್ಟು ಹೋಗ್ರಿ ನೋಡೋಣ ಅಂದರು.

"ಇಟ್ಟು ಹೋಗ್ತೀವಿ ಸಾರ್. ರಶೀದಿ ಕೊಟ್ಬಿಡ್ರಿ" ಅಂದರು ಖಾತ್ರಿ ಅಕ್ಕ.

"ರಶೀದಿ ಯಾಕವ್ವಾ, ನಾನು ಇರಲ್ವಾ?"

"ನೀವು ಇರ್ತೀರಿ ಸಾರ್. ತಾರೀಕು ಇರ್ಬೇಕಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು, ನಮ್ಮ ಕಡೆ ಒಮ್ಮೆ ನೋಡಿದರು, ಆಮೇಲೆ ಸೀಲು ಹುಡುಕತೊಡಗಿದರು. ಸೀಲಿನ ಪ್ಯಾಡು ಒಣಗಿತ್ತು. ಅದಕ್ಕೆ ಎರಡು ಹನಿ ನೀರು ಹಾಕಿ ಒತ್ತಿ, ಒಂದೊಂದಕ್ಕೂ ಸಹಿ ಮಾಡಿಕೊಟ್ಟರು. ಕಾಲುವೆಯ ಅಳತೆ, ಮೊಬೈಲ್ ನಕ್ಷೆಯ ಪ್ರಿಂಟು, ತಾತನ ಹೆಬ್ಬೆಟ್ಟಿರುವ ಮನವಿಯನ್ನೂ ಕೊಟ್ಟೆವು. ಅದನ್ನು ಅವರು ಹೆಚ್ಚು ಹೊತ್ತು ಓದಿದರು. ಉತ್ತು ಸಮ ಮಾಡಿದ ಹೊಲದ ಜಾಗಕ್ಕೆ ಬಂದಾಗ ಹುಬ್ಬು ಮೇಲೆ ಹೋಯಿತು, ಮಾತು ಬರಲಿಲ್ಲ.

ಅಲ್ಲಿಂದ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಗುಡಿಗೆ. ಮುಂದಿನ ತಿಂಗಳು ಜಾತ್ರೆ, ಊರೆಲ್ಲ ಅದರದ್ದೇ ಗಡಿಬಿಡಿ. ಒಳಮಠ, ಹೊರಮಠ ಎರಡೂ ನೋಡಿದೆವು. ಈ ಸೀಮೆಯಲ್ಲಿ ಐದು ಕೆರೆ ಕಟ್ಟಿಸಿದರು ಎಂದು ಸ್ವಾಮಿಗಳ ಬಗ್ಗೆ ಪ್ರತೀತಿ. ಸಂಜೆ ಕೂಲಿ ಕೊಡುವಾಗ ಕೆಲಸದವರ ಮುಂದೆ ಮರಳಿನ ಗುಡ್ಡೆ ಮಾಡುತ್ತಿದ್ದರಂತೆ. ಅವರವರು ತಮ್ಮ ಗುಡ್ಡೆ ಕೆದಕಿದರೆ ಮಾಡಿದ ಕೆಲಸಕ್ಕೆ ಸರಿಯಾಗಿ ಹಣ ಸಿಗುತ್ತಿತ್ತಂತೆ, ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರ ಹೆಸರಿನಲ್ಲಿ ಜನರ ಬಾಯಲ್ಲಿ ನಿಂತ ಮಾತು, "ಮಾಡಿದಷ್ಟು ನೀಡು ಭಿಕ್ಷೆ". ಖಾತ್ರಿ ಅಕ್ಕ ಕಾಯಿ ಒಡೆಸಿ, ಕುಂಕುಮ ಹಚ್ಚಿಕೊಳ್ಳುತ್ತ ಸರ್ ಕಡೆ ತಿರುಗಿ, "ಸ್ವಾಮಿನೂ ಪುಕ್ಸಟ್ಟೆ ಮಾಡ್ಸಿಲ್ಲ ನೋಡ್ರಿ ಸಾರ್" ಅಂದರು. ಸರ್ ಕೂಡ ನಕ್ಕುಬಿಟ್ಟರು.

ಮಧ್ಯಾಹ್ನ ಕೊನೆಗೂ ಗುದ್ದಲಿಗೆ ಕೆಲಸ ಸಿಕ್ಕಿತು. ತೂಬು ಶುಚಿ ಮಾಡಿಕೊಡ್ತೀರಾ ಎಂದು ತಾತ ಕೇಳಿದ್ದರು. ಅರ್ಧ ದಿನದ ಕೆಲಸ, ಯಾವ ಎಸ್ಟಿಮೇಟಿನಲ್ಲೂ ಬರುವುದಿಲ್ಲ, ಯಾರ ಕೂಲಿಯೂ ಹೋಗುವುದಿಲ್ಲ. ಅಕ್ಕನ ಒಪ್ಪಿಗೆಯೂ ಸಿಕ್ಕಿತು. ಏರಿಯಿಂದ ನಾಲ್ಕು ಮಾರು ಒಳಗೆ ಎರಡು ಕಲ್ಲುಗಂಬ, ನಡುವೆ ಅಡ್ಡ ಚಪ್ಪಡಿಗಳು. ಚಪ್ಪಡಿಯ ತೂತಿನಿಂದ ಗಳು ಇಳಿಸಿ ಕೆಳಗಿನ ಬಾಯಿಗೆ ಬೆಣೆ ಹೊಡೆದು ನೀರು ನಿಲ್ಲಿಸುವುದು ಹಳೆಯ ಪದ್ಧತಿ. ಗಳು ಇರಲಿಲ್ಲ. ಬಾಯಿ ಎಲ್ಲಿದೆ ಅಂತಲೂ ಕಾಣುತ್ತಿರಲಿಲ್ಲ.

ಮೊಣಕಾಲುದ್ದ ಒಣಗಿದ ಕೆಸರು ತೆಗೆದ ಮೇಲೆ ಕಲ್ಲು ಸಿಕ್ಕಿತು. ಬಾಯಿ ಒಂದು ಅಗಲವಾದ ತಟ್ಟೆಯಷ್ಟು, ಒಳಗೆ ಸಲಿಕೆ ಹೋಗುವುದಿಲ್ಲ. ನಮ್ಮಲ್ಲಿ ಸಣಕಲಿ ನಾನೇ, ಹಾಗಾಗಿ ಬೋರಲು ಮಲಗಿ ತೋಳು ಪೂರ್ತಿ ಒಳಗೆ ಬಿಟ್ಟೆ. ಮೊದಲು ಬಂದದ್ದು ಗುಟ್ಕಾ ಪೊಟ್ಟಣಗಳ ಉಂಡೆ. ಆಮೇಲೆ ಜಾಲಿ ಬೇರು, ಎಳೆದಷ್ಟೂ ಉದ್ದ. ಬಸವನಹುಳದ ಖಾಲಿ ಚಿಪ್ಪುಗಳು ಬೊಗಸೆ ಬೊಗಸೆ. ಒಂದು ಹವಾಯಿ ಚಪ್ಪಲಿ. ಆಮೇಲೆ ತಣ್ಣಗಿನ ಕಪ್ಪು ಮಣ್ಣು, ಅದರ ನಾತ ಮೂರು ದಿನ ಉಗುರಿನಿಂದ ಹೋಗಲಿಲ್ಲ. ಏರಿಯ ಆಚೆ ಕಾಲುವೆಯ ಬಾಯಲ್ಲಿ ಹುಡುಗರು ಉದ್ದನೆಯ ಬಿದಿರು ತಿವಿಯುತ್ತಿದ್ದರು. ಸಂಜೆ ಐದಕ್ಕೆ ಆ ಬಿದಿರಿನ ತುದಿ ನನ್ನ ಅಂಗೈಗೆ ತಾಗಿತು. ಕೂಗಿದ್ದು ಯಾರು ಅಂತ ನೆನಪಿಲ್ಲ. ತಾತ ಒಂದು ಕೊಡ ನೀರು ತಂದು ಬಾಯಿಗೆ ಸುರಿದು, ಏರಿ ಹತ್ತಿ ಆಚೆ ಹೋಗಿ ನಿಂತು ನೋಡಿದರು. ನೀರು ಬಂತು. ಕೆಂಪಗೆ, ಒಂದು ಚೊಂಬಿನಷ್ಟು.

ಶನಿವಾರ

ಹೊರಸಂಚಾರ. ಎರಡು ಟೆಂಪೊದಲ್ಲಿ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಗೆ. ಅಶೋಕನ ಶಾಸನವಿರುವ ಬಂಡೆಗೆ ಊರವರ ಹೆಸರು ಅಕ್ಷರಗುಂಡು. ಪಠ್ಯಪುಸ್ತಕದಲ್ಲಿ ಓದಿ, ಏನೋ ದೊಡ್ಡದಿರುತ್ತದೆ ಎಂದುಕೊಂಡು ಹೋದವರಿಗೆ ಮೊದಲು ನಿರಾಸೆ. ನೆಲಕ್ಕೆ ಮಲಗಿದ ಬಂಡೆ, ಸವೆದ ಅಕ್ಷರ. ಇತಿಹಾಸದ ಮೇಡಂ ಬಂದಿದ್ದರಿಂದ ಬಚಾವಾದೆವು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಇದು, ಮೊದಲು ಅವರ ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸಾಧಿಸಬಹುದು ಎನ್ನುತ್ತದೆ. ತಂದೆ ತಾಯಿ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ನಿಜ ನುಡಿಯಿರಿ, ಗುರುವನ್ನು ಗೌರವಿಸಿ. ಕೊನೆಗೆ ಬರೆದವನ ಸಹಿ, ಚಪಡ. ಲಿಪಿಕಾರ ಎಂಬ ಪದವನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ, ಎಷ್ಟಾದರೂ ದೂರದ ಊರಿನಿಂದ ಕೆಲಸಕ್ಕೆ ಬಂದವನಿರಬೇಕು. ಇದೆಲ್ಲ ಹೊರಡಿಸಿದ್ದು ಪ್ರಯಾಣದ 256ನೇ ರಾತ್ರಿ ಅಂತಲೂ ಇದೆ. ಅಷ್ಟು ದಿನದ ಶಿಬಿರದಲ್ಲಿ ತಿಂಡಿಗೆ ಏನಿತ್ತೋ ಎಂದು ಒಬ್ಬ ಕೇಳಿದ. ಉಪ್ಪಿಟ್ಟು ಎಂದು ಉತ್ತರ ಒಟ್ಟಿಗೇ ಬಂತು.

1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಜಾಗವನ್ನೂ ಮೇಡಂ ತೋರಿಸಿದರು. ಬಿಸಿಲು ನೆತ್ತಿಗೆ ಬಂದಿತ್ತು. ನೀರು ಖಾಲಿ, ವಾಪಸ್.

ರಾತ್ರಿ ಶಿಬಿರಾಗ್ನಿ. ಅಳುವವರು ಅತ್ತರು. ಪ್ರತಿ ಶಿಬಿರದಲ್ಲೂ ಅಳುತ್ತಾರೆ, ಅದಕ್ಕೊಂದು ತಂಡವೇ ಇರುತ್ತದೆ.

ಭಾನುವಾರ

ಸರ್ ಬೆಳಗ್ಗೆಯಿಂದ ವರದಿ ಬರೆಯುತ್ತಿದ್ದರು. ಫಾರಂನಲ್ಲಿ ಶ್ರಮದಾನದ ಪ್ರಮಾಣ ಎಂಬ ಅಂಕಣ. ಎಷ್ಟು ಮೀಟರ್ ರಸ್ತೆ, ಎಷ್ಟು ಸಸಿ, ಎಷ್ಟು ಇಂಗುಗುಂಡಿ. ನಮೂನೆ 6 ತುಂಬಿದ್ದನ್ನು ಎಲ್ಲಿ ಹಾಕೋದು ಎಂದು ಪೆನ್ನು ಕಚ್ಚಿದರು. ಇತರೆ ಎಂಬ ಚಿಕ್ಕ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ತುರುಕಿದರು. ಮೊದಲ ದಿನ ನೆಟ್ಟ ಹೊಂಗೆಗೆ ನಾವು ಜಾಲಿ ಮುಳ್ಳಿನ ಬೇಲಿ ಕಟ್ಟಿದ್ದೆವು. ಅದನ್ನು ಸಸಿ ಸಂರಕ್ಷಣೆ ಎಂದು ಮೇಲಿನ ಅಂಕಣದಲ್ಲೇ ದಪ್ಪ ಅಕ್ಷರದಲ್ಲಿ ಬರೆದರು.

ಹೊರಡುವಾಗ ಮನೆಗೊಂದು ಸೇರಿನಂತೆ ಶೇಂಗಾ ಕೂಡಿಸಿ ಒಂದು ಚೀಲ ಕೊಟ್ಟರು. ಬೇಡ ಎಂದರೆ ಕೇಳಬೇಕಲ್ಲ. ಬಸ್ಸಿನಲ್ಲಿ ದುರ್ಗ ಬಂತು, ಹೋಯಿತು. ಕೋಟೆಯ ಮಾತು ಯಾರೂ ಎತ್ತಲಿಲ್ಲ, ಎಲ್ಲರೂ ನಿದ್ದೆ.

ಏಪ್ರಿಲ್ ಕೊನೆಯಲ್ಲಿ ಖಾತ್ರಿ ಅಕ್ಕ ಫೋನ್ ಮಾಡಿದ್ದರು. ಕೆಲಸ ಶುರುವಾಗಿದೆ, 15 ದಿನದಲ್ಲಿ ಅಲ್ಲ, ಆದರೆ ಶುರುವಾಗಿದೆ. ಕೂಲಿ 370 ಆಗಿದೆ. ಅವರನ್ನೇ ಕಾಯಕ ಬಂಧು, ಅಂದರೆ ಕೂಲಿಯವರ ಗುಂಪಿನ ಮೇಸ್ತ್ರಿ, ಮಾಡಿದ್ದಾರೆ, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲ್ಲರನ್ನೂ ನಿಲ್ಲಿಸಿ ಮೊಬೈಲ್ ಆ್ಯಪಿನಲ್ಲಿ ಫೋಟೊ ಹಾಕಬೇಕಂತೆ.

"ನಿಮಗೆ ಫೋಟೊ ಹೊಡ್ಕಂತೀರಿ ಅಂತ ಬೈದಿದ್ದೆ, ಈಗ ನನಗೇ ಬಂತು ನೋಡು. ಸಿಗ್ನಲ್ ಇಲ್ಲ, ಏರಿ ಮೇಲೆ ಹತ್ಬೇಕು" ಎಂದು ನಕ್ಕರು.

ಹಳ್ಳದಿಂದ ಜಾಲಿ ಕಿತ್ತುಕೊಂಡು ಬಂದಿದ್ದಾರೆ. ಟ್ರ್ಯಾಕ್ಟರ್ ದಾರಿಗೆ ಪೈಪ್ ಹಾಕಿಸಿದ್ದಾರೆ. ಉತ್ತು ಸಮ ಮಾಡಿದ ಹೊಲದ ಹತ್ತಿರ ಕೆಲಸ ನಿಂತಿದೆ. ಸರ್ವೇಯವರು ಬರಬೇಕು ಅನ್ನುತ್ತಾರೆ. ತಾತ ದಿನಾ ಅಲ್ಲಿ ಹೋಗಿ ಕೂರುತ್ತಾರಂತೆ.

"ಅದಿರ್ಲಿ, ಮೂರು ವಾರದ ಕೂಲಿ ಖಾತೆಗೆ ಬಿದ್ದಿಲ್ಲ. ತಡ ಆದ್ರೆ ಯಾವ ಫಾರಂ ಹಾಕ್ಬೇಕು, ಕೇಳಿ ಹೇಳವ್ವಾ" ಅಂದರು.

ಸೈಬರ್ ಹುಡುಗನಿಗೆ ನಂಬರ್ ಕೊಟ್ಟಿದ್ದೇನೆ.